ಬಸ್ತಾ ನಂಬರ್ 407

ಠಣ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಠಣ್.

ಬೀದರಿನ ಕೆಂಪು ಕಲ್ಲಿನ ನೆಲಕ್ಕೆ ಬೇಲಿಯ ಕಬ್ಬಿಣದ ಕಂಬ ಹೊಡೆಯುವ ಸದ್ದು ಅದು. ನೆಲ ಎಷ್ಟು ಗಟ್ಟಿಯೆಂದರೆ ಸುತ್ತಿಗೆ ಪುಟಿದು ಹಿಂದಕ್ಕೆ ಬರುತ್ತಿತ್ತು, ಅದಕ್ಕೇ ಎರಡು ಏಟಿನ ನಡುವೆ ಅಷ್ಟು ಅಂತರ. 1950ರ ಬೇಸಿಗೆ ಪೂರ್ತಿ ಆ ಸದ್ದು ಪಕ್ಕದ ಚಿದ್ರಿ ಹಳ್ಳಿಯ ಕಡೆಯಿಂದ ಗಾಳಿಯಲ್ಲಿ ಬಂದು ನಮ್ಮ ಕಲೆಕ್ಟರ್ ಕಚೇರಿಯ ರೆಕಾರ್ಡ್ ರೂಮಿನ ಕಿಟಕಿ ಹೊಗುತ್ತಿತ್ತು. ನನಗೇ ತಿಳಿಯದಂತೆ ನನ್ನ ಟೈಪ್‌ರೈಟರಿನ ತಾಳವೂ ಅದಕ್ಕೆ ಹೊಂದಿಕೊಂಡುಬಿಟ್ಟಿತ್ತು.

ಪೊಲೀಸ್ ಆ್ಯಕ್ಷನ್ ಆಗಿ, ಹೈದರಾಬಾದ್ ಭಾರತಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನಿಜಾಮರ ಕಾಲದ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು, ಹೊರಗಿನಿಂದ ಬಂದ ಹೊಸ ಅಧಿಕಾರಿಗಳಿಗೆ ಉರ್ದು ಬಾರದು. ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಮೆಟ್ರಿಕ್ ಮುಗಿಸಿದವಳು. ಇಂಗ್ಲಿಷ್ ನನ್‌ಗಳಿಂದ ಬಂದದ್ದು, ಉರ್ದು ಮನೆಗೆ ಬರುತ್ತಿದ್ದ ಮೌಲ್ವಿಗಳಿಂದ. ಆ ಒಂದೇ ಕಾರಣಕ್ಕೆ ಇಪ್ಪತ್ತನೇ ವಯಸ್ಸಿಗೆ ನಾನು ಟ್ರಾನ್ಸ್‌ಲೇಟರ್-ಕಮ್-ಟೈಪಿಸ್ಟ್ ಆದೆ. ಆ ಕಚೇರಿಯಲ್ಲಿದ್ದ ಒಬ್ಬಳೇ ಹೆಂಗಸು.

ರೆಕಾರ್ಡ್ ರೂಮಿನ ಯಜಮಾನರು ಮುಹಾಫಿಜ್ ಸಾಹೇಬರು. ಮುಹಾಫಿಜ್ ಎಂದರೆ ದಾಖಲೆ ಕಾಯುವವರು. ಮೂವತ್ತು ವರ್ಷ ಅದೇ ಕೋಣೆಯಲ್ಲಿ ಕೂತು ಅವರ ಶೇರ್ವಾನಿಗೂ ಹಳೆ ಕಾಗದದ ವಾಸನೆ ಹತ್ತಿತ್ತು. ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಿದ್ದರು. ಅಂಥ ಗಂಟಿಗೆ ಬಸ್ತಾ ಎನ್ನುತ್ತಾರೆ, ಪ್ರತಿ ಬಸ್ತಾಕ್ಕೂ ಒಂದು ನಂಬರ್. ನಕಲು ಬೇಕಾದವರು ಅರ್ಜಿಯಲ್ಲಿ ಆ ನಂಬರ್ ಬರೆಯಲೇಬೇಕು. ಊರಿನ ಹೊಲಮನೆಯದಾದರೆ ತೊಂದರೆಯಿಲ್ಲ, ಇಂಡೆಕ್ಸ್ ಪುಸ್ತಕ ವರಾಂಡದ ಮೇಜಿನ ಮೇಲೇ ಇರುತ್ತಿತ್ತು. ಫೌಜಿನ, ಅಂದರೆ ಸೈನ್ಯದ, ಜಮೀನಿನ ಇಂಡೆಕ್ಸ್ ಮಾತ್ರ ಕಬ್ಬಿಣದ ಅಲ್ಮೇರಾದಲ್ಲಿ, ಮೇಲೆ 'ಕಾನ್ಫಿಡೆನ್ಶಿಯಲ್' ಎಂಬ ಚೀಟಿ. ನಂಬರ್ ಇಲ್ಲದೆ ಕೇಳುವಂತಿಲ್ಲ, ನಂಬರ್ ಇರುವ ಪುಸ್ತಕ ನೋಡುವಂತಿಲ್ಲ. ಇದು ವಿಚಿತ್ರವೆಂದು ಅಲ್ಲಿ ಯಾರಿಗೂ ಅನಿಸಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ.

ಮಾಳಪ್ಪ ಬಂದದ್ದು ಜೂನ್ ತಿಂಗಳಲ್ಲಿ. ಚಿದ್ರಿಯ ಕುರಿಗಾರ, ನಲವತ್ತರ ಆಸುಪಾಸು, ಹೆಗಲ ಮೇಲೆ ಕರಿ ಕಂಬಳಿ. ಊರಿನ ನಕ್ಷೆಯ ನಕಲನ್ನು ಕೊಂಡು ತಂದು ನನ್ನ ಮೇಜಿನ ಮೇಲೆ ಹರಡಿದ.

"ಮಿಸ್‌ಬಾಯಿ, ಇಲ್ಲಿ ನೋಡ್ರಿ. ನಮ್ಮ ಗುಡ್ಡ ಎಲ್ಲಿ ಹೋತರಿ?"

ನೋಡಿದೆ. ಹೊಲಗಳಿದ್ದವು, ಹಳ್ಳವಿತ್ತು, ದರ್ಗಾ ಇತ್ತು. ಚಾಂದ್‌ಮಾರಿ ಗುಡ್ಡ ಇರಬೇಕಾದ ಜಾಗದಲ್ಲಿ ಬರೀ ಬಿಳಿ ಕಾಗದ. ಚಾಂದ್‌ಮಾರಿ ಎಂದರೆ ಸಿಪಾಯಿಗಳು ಗುರಿ ಹೊಡೆಯಲು ಕಲಿಯುವ ಜಾಗ.

"ಫೌಜಿನ ಜಮೀನು, ಅದನ್ನು ಬರೆಯೋದಿಲ್ಲಪ್ಪ," ಎಂದೆ.

"ಬರೀದಿದ್ರ ಬಿಡ್ರಿ. ಬಾಂವಿ ಅದಲ್ಲರಿ ಅಲ್ಲಿ? ನಮ್ಮಜ್ಜ ತೋಡಿದ್ದು. ಮುನ್ನೂರು ಕುರಿ ನೀರು ಕುಡೀತಾವ. ಕಂಬ ಮೂರು ದಿಕ್ಕಿಗಿ ಬಂದಾವ್ರಿ, ಇನ್ನೊಂದು ದಿಕ್ಕ ಉಳದದ. ಅದು ಮುಚ್ಚಿದ್ರ ನಾ ಕುರಿಗೆ ಏನ್ ಈ ನಕ್ಷಾ ನೆಕ್ಕಸ್ಲೇನ್ರಿ?"

ಫೌಜಿನ ಕ್ಯಾಂಪಿನ ಗೇಟಿನಲ್ಲಿ ಒಬ್ಬ ಹವಾಲ್ದಾರ ಅವನಿಗೆ ಹೇಳಿದ್ದನಂತೆ: ಬಾವಿ ನಿಮ್ಮದೆಂದು ಕಾಗದ ತಂದರೆ ಸಾಹೇಬರಿಗೆ ತೋರಿಸುತ್ತೇನೆ. ಊರಿನವರ ಬಳಿಯಿದ್ದ ಕಾಗದ ಚಾವಡಿಯೊಂದಿಗೆ ಪೊಲೀಸ್ ಆ್ಯಕ್ಷನ್ನಿನ ಗದ್ದಲದ ವರ್ಷದಲ್ಲಿ ಸುಟ್ಟುಹೋಗಿತ್ತು.

ಆ ಕಾಗದದ ಸರ್ಕಾರಿ ಪ್ರತಿ ಯಾವ ಬಸ್ತಾದಲ್ಲಿದೆಯೆಂದು ನನಗೆ ಗೊತ್ತಿತ್ತು. ಒಂದು ತಿಂಗಳ ಹಿಂದೆ ನಾನೇ ಅದನ್ನು ಇಂಗ್ಲಿಷಿಗೆ ತಂದಿದ್ದೆ. ಹಳೆಯ ಸರ್ಕಾರದ ಫೌಜು ಮೂವತ್ತೊಂದು ಎಕರೆ ಗುಡ್ಡವನ್ನು ಬೇಸಿಗೆಯ ಅಭ್ಯಾಸಕ್ಕೆಂದು ಮಾತ್ರ ಪಡೆದಿತ್ತು. ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು, ಬಾವಿ ಎಲ್ಲ ಹೊತ್ತಿನಲ್ಲೂ ಊರಿನ ದನಕರುಗಳಿಗೆ ತೆರೆದಿರಬೇಕು. ಕೆಳಗೆ ರುಜು, ಮೊಹರು. ಹೊಸ ಫೌಜು ಬಂದು ಹಳೆಯದರ ಸ್ವತ್ತನ್ನೆಲ್ಲ ಲಿಸ್ಟ್ ನೋಡಿ ವಶಕ್ಕೆ ತೆಗೆದುಕೊಂಡಾಗ ಲಿಸ್ಟಿನಲ್ಲಿ ಎಕರೆ ಇತ್ತು, ಷರತ್ತು ಇರಲಿಲ್ಲ.

ನಾನು ಕಚೇರಿಯ ಸೂಪರಿಂಟೆಂಡೆಂಟರ ಬಳಿ ಹೋಗಿ, "ಸರ್, ಆ ಬಾವಿಯ ವಿಷಯ..." ಎಂದು ಶುರು ಮಾಡಿದೆ. ಅವರು ತಲೆ ಎತ್ತಲಿಲ್ಲ.

"ಮಿಸ್, ನಿಮ್ಮನ್ನು ಇಟ್ಟುಕೊಂಡಿರುವುದು ಟ್ರಾನ್ಸ್‌ಲೇಟ್ ಮಾಡಲು, ಓದಲು ಅಲ್ಲ."

ಮಾಳಪ್ಪ ವರಾಂಡದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಕದಿರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದ. ಮೂರು ದಿನ ಹಾಗೇ ಬಂದು ಕೂತ. ಮೂರನೇ ದಿನ ನನಗೆ ತಡೆಯಲಾಗಲಿಲ್ಲ. ಚೀಟಿಯಲ್ಲಿ ಬರೆದುಕೊಡುವಂತಿರಲಿಲ್ಲ. ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗನ್ನು ಜವಾನನೂ ಗುರುತಿಸುತ್ತಿದ್ದ. ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದು ಗೋಡೆಗೆ ಹೇಳುವಂತೆ ಹೇಳಿದೆ: "ನಾಲ್ಕು, ಸೊನ್ನೆ, ಏಳು. ಅರ್ಜಿಯಲ್ಲಿ ಬರೆಸು."

ಅವನು ತಲೆ ಎತ್ತದೆ ಕರಿ ಉಣ್ಣೆಯ ದಾರ ಹರಿದು ಗಂಟು ಹಾಕತೊಡಗಿದ. ನಾಲ್ಕು ಗಂಟು. ಆಮೇಲೆ ಒಂದು ಕುಣಿಕೆ ಬಿಟ್ಟ.

"ಇದೇನು?"

"ಸೊನ್ನಿ ಅಂದ್ರಲ್ಲರಿ. ಖಾಲಿ ಇದ್ದಲ್ಲಿ ಖಾಲಿ ಬಿಡ್ಬೇಕಲ್ಲರಿ." ಆಮೇಲೆ ಏಳು ಗಂಟು ಹಾಕಿ ದಾರವನ್ನು ಉಡದಾರಕ್ಕೆ ಕಟ್ಟಿಕೊಂಡ.

ಅರ್ಜಿ ಮರುದಿನವೇ ಬಂತು. ಬೇವಿನ ಮರದ ಕೆಳಗೆ ಕೂರುವ ಅರ್ಜಿ ಬರೆಯುವವನಿಂದ ಬರೆಸಿದ್ದ. ನಂಬರ್ ಸರಿಯಾಗಿತ್ತು. ಅದೇ ಅನಾಹುತವಾಯಿತು. ಸೂಪರಿಂಟೆಂಡೆಂಟರು ಅದರ ಕೆಳಗೆ ಕೆಂಪು ಗೆರೆ ಎಳೆದು ಮಾಳಪ್ಪನನ್ನು ಒಳಗೆ ಕರೆಸಿದರು. ನಾನು ಶಾರ್ಟ್‌ಹ್ಯಾಂಡ್ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತಿದ್ದೆ.

"ಈ ನಂಬರ್ ಯಾರು ಕೊಟ್ಟರು?"

"ಯಾರಿಲ್ಲರಿ ಸಾಬ್. ನನ್ನ ಕುರಿ ಎಣಿಕಿರಿ. ನಾಕು ಕರಿವು, ಏಳು ಬಿಳಿವು."

"ಮಧ್ಯೆ ಸೊನ್ನೆ ಇದೆಯಲ್ಲ?"

"ಅದು ಟಗರ ಇತ್ತರಿ. ತೋಳ ಒಯ್ತು."

ಜವಾನ ಕಿಸಕ್ಕನೆ ನಕ್ಕ. ಸೂಪರಿಂಟೆಂಡೆಂಟರು ನಗಲಿಲ್ಲ. ಮಾಳಪ್ಪ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಅವನನ್ನು ಹೊರಗೆ ಕಳಿಸಿ ಮುಹಾಫಿಜ್ ಸಾಹೇಬರನ್ನು ಕರೆಸಿದರು. ಅಲ್ಮೇರಾದ ಚಾವಿ ಇದ್ದದ್ದು ಅವರ ಸೊಂಟದಲ್ಲಿ. ಆ ದಿನಗಳಲ್ಲಿ ಅವರಂಥ ಹಳೆಯ ಸರ್ಕಾರದ ಮುಸ್ಲಿಂ ನೌಕರರ ಮೇಲೆ ಅನುಮಾನಪಡಲು ಇಷ್ಟೇ ಸಾಕಾಗಿತ್ತು. ಬಾವಿಯ ಮಾತೆತ್ತಿದವಳು ನಾನೆಂಬುದು ಸೂಪರಿಂಟೆಂಡೆಂಟರಿಗೆ ನೆನಪಾಗಲೂ ಇಲ್ಲ.

"ಚಾವಿ ನನ್ನ ಹತ್ರ ಇತ್ತು ಸಾಬ್," ಎಂದಷ್ಟೇ ಹೇಳಿದರು ಅವರು. ಅದು ಸುಳ್ಳಲ್ಲ. ನಾನು ಬಾಯಿ ತೆರೆಯಬೇಕಿತ್ತು. ಪೆನ್ಸಿಲ್ ಹಿಡಿದು ಅವರ ಮಾತನ್ನು ಬರೆದುಕೊಂಡೆ.

ಹೊರಗೆ ಬಂದ ಮೇಲೆ ಅವರು ನನ್ನ ಮೇಜಿನ ಹತ್ತಿರ ನಿಂತರು. "ಬೇಟಿ, ಕಾಗದ ಮಲಗಿತ್ತು. ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಇಲ್ಲೇ ಇತ್ತು. ಒಳ್ಳೆ ಸಾಹೇಬ್ರು ಯಾರಾದ್ರೂ ಬರ್ಲಿ ಅಂತ ನಾ ಕಾಯ್ತಿದ್ದೆ. ಈಗ ಅದನ್ನ ಎಬ್ಬಿಸಿದ್ರು."

ಯಾರು ಎಬ್ಬಿಸಿದರೆಂದು ಅವರು ಕೇಳಲಿಲ್ಲ.

ಒಂದು ವಾರದೊಳಗೆ ಫೌಜಿನ ಬಸ್ತಾಗಳನ್ನೆಲ್ಲ ಮರದ ಪೆಟ್ಟಿಗೆಗೆ ತುಂಬಿ, ಅರಗಿನ ಸೀಲ್ ಹಾಕಿ, ಲಾರಿಯಲ್ಲಿ ಒಯ್ದರು. ಹೈದರಾಬಾದಿಗೆ ಎಂದರು ಕೆಲವರು, ದೆಹಲಿಗೆ ಎಂದರು ಕೆಲವರು. ನನ್ನ ಟ್ರಾನ್ಸ್‌ಲೇಶನ್, ಅದರ ಕಾರ್ಬನ್ ಕಾಪಿ ಕೂಡ ಹೋಯಿತು. ಮುಹಾಫಿಜ್ ಸಾಹೇಬರನ್ನು ಔರಾದಿಗೆ ವರ್ಗ ಮಾಡಿದರು, ಅಲ್ಲಿ ಕಾಯಲು ರೆಕಾರ್ಡ್ ರೂಮೇ ಇರಲಿಲ್ಲ. ಟಪಾಲು ವಿಂಗಡಿಸುವ ಕೆಲಸ. ಹೋಗುವ ದಿನ ಚಾವಿಗೊಂಚಲನ್ನು ಮೇಜಿನ ಮೇಲಿಟ್ಟು, ಬರಿದಾದ ಸೊಂಟವನ್ನು ಮುಟ್ಟಿ ನೋಡಿಕೊಂಡರು.

ಮೂರು ತಿಂಗಳ ಮೇಲೆ ಮಾಳಪ್ಪನ ಅರ್ಜಿಗೆ ಉತ್ತರ ತಯಾರಾಯಿತು. ಡಿಕ್ಟೇಟ್ ಮಾಡಿದವರು ಸೂಪರಿಂಟೆಂಡೆಂಟರು, ಟೈಪ್ ಮಾಡಿದವಳು ನಾನು. ಒಂದೇ ಸಾಲು: ಕೇಳಿರುವ ದಾಖಲೆ ಈ ಕಚೇರಿಯಲ್ಲಿ ಇಲ್ಲ. ಎಷ್ಟು ಕರೆಕ್ಟ್ ಇಂಗ್ಲಿಷ್! ಮತ್ತು ಪೂರ್ತಿ ಸತ್ಯ. ಶೆಲ್ಫಿನಲ್ಲಿ ಫೌಜಿನ ಬಸ್ತಾಗಳಿದ್ದಲ್ಲಿ ಧೂಳಿಲ್ಲದ ಚೌಕಗಳು ಮಾತ್ರ ಉಳಿದಿದ್ದವು. ನನ್ನ ನನ್‌ಗಳು ಕಲಿಸಿದ್ದು ಸುಳ್ಳು ಹೇಳಬಾರದೆಂದು, ಇಂಥ ಸತ್ಯದ ಬಗ್ಗೆ ಅವರು ಏನೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಠಣ್ ಸದ್ದು ನಿಂತಿತ್ತು. ನಾಲ್ಕನೇ ದಿಕ್ಕೂ ಮುಚ್ಚಿತ್ತು. ನಾನು ಉತ್ತರ ಓದಿ ಹೇಳಿದಾಗ ಮಾಳಪ್ಪ ಕಾಗದವನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದ.

"ಇಲ್ಲ ಅಂದ್ರ, ಇರಲೇ ಇಲ್ಲ ಅಂತೇನ್ರಿ? ಅಥವಾ ಈಗ ಇಲ್ಲ ಅಂತೇನ್ರಿ?"

"ಈಗ ಇಲ್ಲ," ಎಂದೆ.

"ಹಂಗ ಬರದಿಲ್ಲಲ್ಲರಿ."

ಆ ಚಳಿಗಾಲಕ್ಕೇ ಕುರಿಗಳನ್ನು ಮಾರಿ ಅವನು ಭಾಲ್ಕಿ ಕಡೆಗೆ, ಹಲಬರ್ಗಾದ ಹೆಂಡತಿಯ ತವರಿಗೆ ಹೋದನೆಂದು ಕೇಳಿದೆ.

ಈಗ ಮಾಹಿತಿ ಹಕ್ಕಿನ ಕಾಯ್ದೆ ಬಂದಿದೆ. ತಂಗಿಯ ಮೊಮ್ಮಗಳು ಫಾರಂ ತಂದು ತೋರಿಸಿದಳು. ಅದರಲ್ಲೂ 'ಬೇಕಾದ ದಾಖಲೆಯ ವಿವರ' ಎಂಬ ಕಾಲಂ ಇದೆ. ಅದನ್ನು ತುಂಬಲು ಕೂತು, ತುಂಬದೆ ಎದ್ದೆ. ರೆಕಾರ್ಡ್ ರೂಮಿನ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕಾಗದ ಎಲ್ಲಿದೆಯೆಂದು ತಿಳಿಯುವ ಹಕ್ಕು ಇಲ್ಲದವನಿಗೆ ಅದು ತಿಳಿದುಬಿಟ್ಟರೆ, ಮೊದಲು ಕಾಣೆಯಾಗುವುದು ಕಾಗದ. ನಂಬರ್ ಕೊಟ್ಟು ನಾನು ಅವನಿಗೆ ಉಪಕಾರ ಮಾಡಿದೆನೆಂದುಕೊಂಡೆ. ಸುಮ್ಮನಿದ್ದಿದ್ದರೆ ಬಾವಿ ಉಳಿಯುತ್ತಿತ್ತೇ? ಬಹುಶಃ ಅದೂ ಇಲ್ಲ.

ಮಾಳಪ್ಪನನ್ನು ಕೊನೆಯ ಸಲ ನೋಡಿದ್ದು 1956ರಲ್ಲಿ, ಹೈದರಾಬಾದ್ ರಾಜ್ಯ ಒಡೆದು ನಾವೆಲ್ಲ ಮೈಸೂರಿಗೆ ಸೇರಿದ ವರ್ಷ. ಭಾಲ್ಕಿಯಿಂದ ಬರುವಾಗ ಹಲಬರ್ಗಾದ ಹತ್ತಿರ ಬಸ್ಸು ರೇಡಿಯೇಟರಿಗೆ ನೀರು ಹಾಕಲು ನಿಂತಿತು. ರಸ್ತೆ ಬದಿಯಲ್ಲಿ ಬೇರೆಯವರ ಹನ್ನೊಂದು ಕುರಿ ಕಾಯುತ್ತ ನಿಂತಿದ್ದ. ನನ್ನನ್ನು ಗುರುತಿಸಿ ಕಿಟಕಿಯ ಹತ್ತಿರ ಬಂದ.

"ಅರಾಮ ಇದ್ದೀರೇನ್ರಿ ಮಿಸ್‌ಬಾಯಿ? ನಂಬರ್ ಇನ್ನೂ ನನ್ನ ಹತ್ರ ಅದರಿ." ಉಡದಾರದಿಂದ ಆ ದಾರ ಬಿಚ್ಚಿದ. ಉಣ್ಣೆ ಜಿಡ್ಡುಗಟ್ಟಿ ಮಿರುಗುತ್ತಿತ್ತು. "ಸರ್ಕಾರ ಬದಲಾತು ಅಂತಾರ. ಈಗ ಯಾವ ಆಫೀಸಿಗಿ ಒಯ್ಯಬೇಕ್ರಿ ಇದನ್ನ?"

ನನಗೆ ಗೊತ್ತಿಲ್ಲವೆಂದು ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ತಿರುಗಿ ನೋಡಿದೆ. ಅವನು ಬಸ್ಸಿನ ಕಡೆ ನೋಡುತ್ತಿರಲಿಲ್ಲ. ಹೆಬ್ಬೆರಳಿನಿಂದ ಗಂಟುಗಳನ್ನು ಎಣಿಸುತ್ತಿದ್ದ. ಒಂದು, ಎರಡು, ಮೂರು, ನಾಲ್ಕು. ಕುಣಿಕೆಯ ಹತ್ತಿರ ಬೆರಳು ನಿಂತಿತು.