ಸತ್ತ ಮೀನಿಗೂ ಉಸಿರು

ಕಾಪುವಿನ ಕಡಲತೀರದ ಮರಳಲ್ಲಿ ಬೂತಾಯಿ ಮೀನು ಒಣಹಾಕಿ ಕಾಗೆ ಓಡಿಸುತ್ತಿದ್ದ ಅಮ್ಮ ಹೋದ ವರ್ಷ ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದಳು. ಅದಕ್ಕೇ ನಾನು ಹಳೇ ಬಲೆ, ಮರದ ಪಟ್ಟಿ, ಪ್ಲಾಸ್ಟಿಕ್ ಹಾಳೆ ಸೇರಿಸಿ ಮೀನು ಒಣಗಿಸುವ ಪೆಟ್ಟಿಗೆ ಮಾಡಿದೆ. ಇನ್ನು ಕಾಗೆಯ ಕಾಟ ಇಲ್ಲ, ನೆರಳಲ್ಲಿ ಕೂತುಕೋ ಎಂದೆ.

ಅವಳು ಕೋಲು ಹಿಡಿದು ಪೆಟ್ಟಿಗೆಯ ಪಕ್ಕದಲ್ಲೇ ಕೂತಳು. ಗಳಿಗೆಗೊಮ್ಮೆ ಹಾಳೆ ಎತ್ತುತ್ತಿದ್ದಳು.

“ಮುಚ್ಚಮ್ಮ, ಬಿಸಿಯೆಲ್ಲ ಹೋಗ್ತದೆ!”

“ಮೀನಿಗೆ ಉಸಿರು ಕಟ್ಟುವುದಿಲ್ವಾ ಮಾರಾಯ?”

“ಸತ್ತ ಮೀನಿಗೆ ಎಂತ ಉಸಿರು?”

ಸಂಜೆ ನೋಡಿದರೆ ಮೀನಿನ ತೇವ ಹೊರಹೋಗಲು ದಾರಿಯಿಲ್ಲದೆ ಹಾಳೆಯ ಒಳಗೆಲ್ಲ ನೀರು ಹನಿಗಟ್ಟಿತ್ತು. ಅವಳು ಹೇಳಿದ್ದೇ ಸರಿ. ಎರಡೂ ಬದಿಗೆ ತೂತು ಕೊರೆದು ಸೊಳ್ಳೆಪರದೆ ಹೊಡೆದೆ.

ಮರುದಿನ ಮಧ್ಯಾಹ್ನ ಪೆಟ್ಟಿಗೆಯ ಹತ್ತಿರ ಅಮ್ಮ ಇರಲಿಲ್ಲ. ಜಗಲಿಯ ನೆರಳಲ್ಲಿ ನಿದ್ದೆ ಹೋಗಿದ್ದಳು. ಕೋಲು ಮಾತ್ರ ಕೈಯಲ್ಲೇ ಇತ್ತು.