ಟಿಚ್ ಬಟನ್ ಗಡಿಯಾರ

ಮೈದಾ ಅಂಟು ಕುದಿಯುವ ವಾಸನೆ ಬಂದರೆ ಈಗಲೂ ಶಿಕಾರಿಪುರದ ಅಜ್ಜಿಮನೆಯ ಪಡಸಾಲೆ ಕಣ್ಣೆದುರು ಬಂದು ನಿಲ್ಲುತ್ತದೆ. ಆ ಮನೆ ಈಗಿಲ್ಲ. ಅಜ್ಜಿಯೂ ಇಲ್ಲ, ಚಿಕ್ಕಮ್ಮನೂ ಇಲ್ಲ. ತೊಂಬತ್ತರ ದಶಕದ ಒಂದು ಬೇಸಿಗೆ. ನಾನು ಅಲ್ಲಿದ್ದು ಓದುತ್ತಿದ್ದ ಶಾಲೆಯಲ್ಲೇ ಚಿಕ್ಕಮ್ಮ ಟೀಚರು. ಸೊರಬದಲ್ಲಿ ತರಬೇತಿ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು: “ಅವ್ವಾ, ಇನ್ಮೇಲೆ ಬಾಯಿಪಾಠ ಎಲ್ಲಾ ಬಂದ್. ಹುಡುಗ್ರೇ ಮುಟ್ಟಿ, ಮಾಡಿ ಕಲೀಬೇಕು.” ಅಜ್ಜಿ ನಕ್ಕು, “ಮೊದ್ಲು ಕೈಕಾಲು ತೊಳ್ಕೊಂಡು ಬಾರೇ” ಎಂದಳು.

ಆ ರಜೆಯೆಲ್ಲ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿ ಅಂಟು ಕಾಯಿಸುವಳು, ನಾನು ಅಂಗಡಿಯಿಂದ ತಂದ ರಟ್ಟಿನ ಡಬ್ಬಗಳನ್ನು ಬಿಡಿಸಿ ಕೊಡುವುದು, ಚಿಕ್ಕಮ್ಮ ಬಣ್ಣದ ಕಾಗದ ಅಂಟಿಸಿ ಅಕ್ಷರದ ಬಿಲ್ಲೆ, ಹಕ್ಕಿ, ತಟ್ಟೆಯಗಲದ ಗಡಿಯಾರ ಮಾಡುವಳು. ಮುಳ್ಳು ತಿರುಗಬೇಕಲ್ಲ? ಅಜ್ಜಿ ತನ್ನ ಕುಪ್ಪಸದ ಟಿಚ್ ಬಟನ್ ಕಿತ್ತು ಕೊಟ್ಟಳು. ಶಾಲೆಯಲ್ಲಿ ಕರಿಹಲಗೆಯ ಗಡಿಯಾರ ಅರ್ಥವಾಗದೆ ಏಟು ತಿಂದಿದ್ದ ನಾನು, ಬೆಲ್ಲ ಮೆತ್ತಿದ ಕೈಯಲ್ಲೇ ಆ ಮುಳ್ಳು ತಿರುಗಿಸುತ್ತಾ ಒಂದೇ ಸಂಜೆಯಲ್ಲಿ ಗಂಟೆ ನೋಡಲು ಕಲಿತೆ. “ನೋಡ್ದೇನವ್ವಾ!” ಎಂದು ಚಿಕ್ಕಮ್ಮ ಕುಣಿದಾಡಿಬಿಟ್ಟಳು.

ಶಾಲೆ ಶುರುವಾದ ದಿನ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಹೋದೆವು. ಹೆಡ್‌ಮಾಸ್ತರು ಒಂದೊಂದನ್ನೇ ಎತ್ತಿ ನೋಡಿ ಬಹಳ ಮೆಚ್ಚಿಕೊಂಡರು. ಆಮೇಲೆ ಅಷ್ಟನ್ನೂ ಬೀರುವಿನಲ್ಲಿಟ್ಟು ಬೀಗ ಜಡಿದರು!

“ಸರ್, ಹುಡುಗ್ರು ಮುಟ್ಲಿ ಅಂತಾನೇ ಮಾಡಿದ್ದು.”

“ಮುಟ್ಟಿದ್ರೆ ಹರಿದು ಹಾಕ್ತಾವ್ರೀ ಟೀಚರ್. ನಾಳೆ ಇನ್‌ಸ್ಪೆಕ್ಷನ್‌ಗೆ ಸಾಹೇಬ್ರು ಬಂದ್ರೆ ಏನ್ ತೋರ್ಸೋಣ?”

ಕೆಟ್ಟ ಮನುಷ್ಯನಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಪಾಪ, ಅವರದು ಜೋಪಾನ! ಚಿಕ್ಕಮ್ಮ ಕೀಲಿ ಕೇಳಿದಾಗಲೆಲ್ಲ “ನೋಡೋಣ್ರೀ” ಎನ್ನುವರು. ಅವಳು ಇನ್ನೊಂದಷ್ಟು ಮಾಡಿಕೊಂಡು ಹೋದಳು. ಅವೂ ಬೀರು ಸೇರಿದವು. ಕೊನೆಗೆ ಸಾಹೇಬರು ಬಂದರು, ಬೀರು ತೆರೆಯಿತು, “ಎಷ್ಟ್ ಚಂದ ಇಟ್ಕೊಂಡೀರ್ರೀ!” ಎಂದು ಹೊಗಳಿ ಹೋದರು, ಬೀಗ ಮತ್ತೆ ಬಿತ್ತು. ಆ ಸಂಜೆ ಚಿಕ್ಕಮ್ಮ ಕಟ್ಟೆಯ ಮೇಲೆ ಕೂತು ಅತ್ತಳು. ಮರುದಿನ ಬೆತ್ತವಿಲ್ಲದೆ, ಬಿಲ್ಲೆಗಳೂ ಇಲ್ಲದೆ, ಬಾಯಿಪಾಠ ಹೇಳಿಕೊಟ್ಟಳು.

ಅವಳು ನಿವೃತ್ತಳಾದಾಗ ಶಾಲು ಹೊದಿಸಿ, ನೆನಪಿಗಿರಲಿ ಎಂದು ಆ ಗಡಿಯಾರವನ್ನೂ ಕೊಟ್ಟು ಕಳಿಸಿದರಂತೆ. ಈಗ ಅದು ನನ್ನ ಹತ್ತಿರವಿದೆ. ಅಂಚಿನ ಅಂಟನ್ನು ಜಿರಳೆ ತಿಂದಿದೆ, ಉಳಿದದ್ದೆಲ್ಲ ಹೊಸದರ ಹಾಗೇ ಇದೆ. ಅಷ್ಟು ವರ್ಷ ಶಾಲೆಯಲ್ಲಿದ್ದದ್ದು, ಒಂದು ಮಗುವಿನ ಕೈಕೊಳೆಯಾದರೂ ಮೆತ್ತಿರಬೇಡವೇ? ಬೆಳಕಿಗೆ ಹಿಡಿದು ಹುಡುಕಿದೆ. ಚಿಕ್ಕ ಮುಳ್ಳಿನ ತುದಿಯಲ್ಲಿ ಒಂದೇ ಒಂದು ಕಲೆಯಿತ್ತು, ಬೆಲ್ಲದ್ದು.