ಬಿಳಿ ಹಂದಿಯ ಕರಿ ಮರಿ

ಚಿಕ್ಕತಾಯಮ್ಮ ಯಾರ ಜೊತೆ ಮಾತಾಡುವಾಗಲೂ ಅವರ ಒಂದು ಕೈ ಗೂಡಿನ ಮೋಟುಗೋಡೆಯಾಚೆ ಹಂದಿಯ ಬೆನ್ನು ಕೆರೆಯುತ್ತಲೇ ಇರುತ್ತಿತ್ತು. ಕಣ್ಣು ಮಾತ್ರ ನಮ್ಮ ಮುಖದ ಮೇಲೆ. ‘ಅಂದಿ ಕಂಡ್ರೆ ಮೂಗು ಮುಚ್ಕತ್ತರೆ, ಬಾಡು ಬೆಂದ್ರೆ ಮೂಗು ಅರಳುಸ್ತರೆ’ ಎಂದು ಊರಿನವರನ್ನು ಆಡಿಕೊಳ್ಳುವರು.

ಪೂರಿಗಾಲಿಯ ಆಚೆಗಿನ ಆ ಹಳ್ಳಿಯಲ್ಲಿ ನಾನು ಪಶುವೈದ್ಯನಾಗಿದ್ದೆ. ಅವರ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದೆ. ಗಂಡ ತೀರಿಕೊಂಡ ಮೇಲೆ ಹಂದಿ ಸಾಕಿಯೇ ಅವರು ಮಗಳನ್ನು ಓದಿಸಿ, ಮಂಡ್ಯಕ್ಕೆ ಮದುವೆ ಮಾಡಿಕೊಟ್ಟಿದ್ದರು.

ಒಮ್ಮೆ ಅವರ ಬಿಳಿ ಹಂದಿ ಈದಾಗ ಮರಿಗಳಲ್ಲಿ ಎರಡು ಕಪ್ಪಗಿದ್ದವು. ಗಂಡುಹಂದಿ ಸಿದ್ದೇಗೌಡರದು, ಅದೂ ಬಿಳಿಯದೇ. ಸಂತೆಯಲ್ಲಿ ಬಿಳಿ ಮರಿಗೇ ಬೇಡಿಕೆಯಾದ್ದರಿಂದ ಆ ಗಂಡಿಗೆ ಸುತ್ತೂರಲ್ಲಿ ಹೆಸರಿತ್ತು. ಚಿಕ್ಕತಾಯಮ್ಮ ಕದ್ದು ಊರ ಕರಿ ಹಂದಿಗೆ ಬಿಟ್ಟಿದ್ದಾರೆಂದು ಗೌಡರು ಹಾಲಿನ ಡೇರಿ ಮುಂದೆ ನಿಂತು ಹೇಳಿದರು. ಊರು ನಂಬಿತು. ಬಿಳಿ ಗುಣ ಕಪ್ಪನ್ನು ಮುಚ್ಚುತ್ತದೆಯೇ ಹೊರತು ಅಳಿಸುವುದಿಲ್ಲ, ತಾಯಿ ತಂದೆ ಇಬ್ಬರಲ್ಲೂ ಅಡಗಿರುವ ಕಪ್ಪು ಎರಡೂ ಕಡೆಯಿಂದ ಒಂದೇ ಮರಿಗೆ ಬಂದರೆ ಅದು ಕರಿಯಾಗುತ್ತದೆ ಎಂದು ನಾನು ವಿವರಿಸಿದೆ. ಗೌಡರು ನಕ್ಕರು.

‘ಅಂಗಾರೆ ಇನ್ನೊಂದ್ಸಲ ಅದೇ ಗಂಡು ಬುಡಿ. ಗೂಡ್ಗೆ ಬೀಗ ಆಕುಸ್ತೀನಿ, ಬೀಗದ್ಕೈ ಡಾಕ್ಟ್ರತ್ರ ಇರ್ಲಿ’ ಎಂದರು ಚಿಕ್ಕತಾಯಮ್ಮ. ಗೌಡರೂ ಹಟಕ್ಕೆ ಒಪ್ಪಿ ಗಂಡು ಬಿಟ್ಟರು; ಗೂಡಿಗೆ ಬೀಗ ಬಿತ್ತು.

ಹಂದಿಯ ಜೊತೆಗೆ ಚಿಕ್ಕತಾಯಮ್ಮನೂ ಸೆರೆಯಾದರು. ಸಂತೆಗೆ ಹೋದರೆ ಕಳ್ಳ ಬೀಗದ ಕೈ ಮಾಡಿಸಲು ಹೋದಳೆನ್ನುವವರಿದ್ದರು. ಗೂಡಿನ ಪಕ್ಕದಲ್ಲೇ ಚಾಪೆ ಹಾಸಿದರು. ಹಂದಿಗೆ ದಿನ ತುಂಬುತ್ತಿದ್ದಾಗ ಮಂಡ್ಯದಿಂದ ಫೋನು ಬಂತು: ಮಗಳಿಗೆ ಹೆರಿಗೆ ನೋವು. ನಾನು ನೋಡಿಕೊಳ್ಳುತ್ತೇನೆ, ಹೊರಡಿ ಎಂದೆ. ಸೀರೆ ಬದಲಿಸಿ ಚೀಲ ಹಿಡಿದವರು ಅದನ್ನು ಕೆಳಗಿಟ್ಟರು.

‘ಈಗ ಓದ್ರೆ, ನಾಳೆ ಕರಿಮರಿ ಉಟ್ಟುದ್ರೆ ಎಲ್ಲಿಂದ್ಲೋ ತಂದಾಕವ್ಳೆ ಅಂತರೆ ಕಣಪ್ಪ. ನನ್ ಮಾತು ಸತ್ತೋಯ್ತದೆ.’

ಹೋಗಲಿಲ್ಲ.

ಎರಡು ದಿನದ ಮೇಲೆ ಹಂದಿ ಈಯಿತು. ಊರು ನೆರೆದಿತ್ತು. ಒಂದರ ಹಿಂದೊಂದು ಬಿಳಿ ಮರಿಗಳೇ ಬಂದವು. ಕರಿಯದು ಬಾರದೆ ಚಿಕ್ಕತಾಯಮ್ಮನ ಮುಖ ಬಾಡಿತು. ಆಮೇಲೆ ಒಂದು ಕರಿ ಮರಿ ಹುಲ್ಲಿನ ಮೇಲೆ ಜಾರಿತು. ಗೌಡರು ಬಗ್ಗಿ ನೋಡಿ, ‘ನನ್ ಗಂಡ್ನಲ್ಲೂ ಅದೆ ಅನ್ನು’ ಎಂದು ಮೆಲ್ಲಗೆ ಹೇಳಿ ಹೊರಟರು. ಚಿಕ್ಕತಾಯಮ್ಮ ಆವತ್ತೇ ಮಂಡ್ಯಕ್ಕೆ ಹೋದರು, ಮರುದಿನವೇ ಹಿಂದಿರುಗಿದರು.

ನನಗೆ ವರ್ಗವಾದ ಎಷ್ಟೋ ಕಾಲದ ಮೇಲೆ ಮಳವಳ್ಳಿ ಬಸ್‌ ನಿಲ್ದಾಣದಲ್ಲಿ ಸಿಕ್ಕಿದರು. ಹಂದಿಗಳನ್ನೆಲ್ಲ ಮಾರಿದ್ದರು. ಮಗಳಿಗೆ ಎರಡನೆಯ ಹೆರಿಗೆಯಂತೆ. ಕರೆದಿದ್ದಾಳಾ ಎಂದೆ.

‘ಇಲ್ಲ. ನಾನೇ ಓಯ್ತಾವ್ನಿ. ಆವತ್ತು ಮಗೀನ ನನ್ ಕೈಗೆ ಕೊಡ್ನಿಲ್ಲ ಡಾಕ್ಟ್ರೆ. ನನ್ಗಿಂತ ಅಂದಿ ಎಚ್ಚಾಯ್ತಾ ನಿಂಗೆ ಅಂದ್ಲು. ಅಲ್ಲ ಕಣವ್ವ ಅನ್ನಕ್ಕೆ ಬಾಯೇ ಬರ್ನಿಲ್ಲ.’

ಮಂಡ್ಯದ ಬಸ್ಸು ಬಂತು. ಸೀಟು ಖಾಲಿಯಿದ್ದರೂ ಅವರು ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತಿದ್ದರು. ನಾನು ಅವರನ್ನು ಮತ್ತೆ ನೋಡಲಿಲ್ಲ.